ಸರ್ವರ್ ಸತ್ತದ್ದು ಮಂಗಳವಾರ

ಪೀಣ್ಯ ಎರಡನೇ ಹಂತದ ಗೇರ್ ಕಾರ್ಖಾನೆಯಲ್ಲಿ ಎಂಟು ವರ್ಷ ಕಾಂಟ್ರಾಕ್ಟ್ ಮೇಲೆ ಕಂಪ್ಯೂಟರ್ ವಿಭಾಗ ನೋಡಿಕೊಂಡಿದ್ದ ಮುನಿಕೃಷ್ಣನನ್ನು, ಅವನು ಮಾಡದ ತಪ್ಪಿಗೆ ಕೆಲಸದಿಂದ ತೆಗೆದರು. ಸಾಕ್ಷಿಯ ಕಾಗದಕ್ಕೆ ಸಹಿ ಹಾಕಿದವಳು ಅದೇ ವಿಭಾಗದ ಶರಣ್ಯ.

ನಾಲ್ಕು ತಿಂಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಮಾದನಾಯಕನಹಳ್ಳಿಯ ಗೋಡೌನ್ ಮುಂದೆ ಅವಳು ಅವನೆದುರು ನಿಂತಿದ್ದಳು.

ಅವನ ಕೈಯಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡುವ ಯಂತ್ರ. ಬೆನ್ನಿಗಂಟಿದ ಅಂಗಿ. ಎಷ್ಟು ಸೊರಗಿದ್ದಾನೆ!

"ಓಹೋ, ಸಾಕ್ಷಿ ಮೇಡಂ! ಇಲ್ಲಿ ಯಾರ್ ಮ್ಯಾಲೆ ಹೇಳಿಕೆ ಕೊಡಾಕ್ ಬಂದ್ರಿ?"

"ಮುನೀ, ಪ್ಲೀಸ್..."

"ಊಟಕ್ಕೆ ಹದಿನೈದ್ ನಿಮಿಷ ಬಿಡ್ತಾರೆ. ಆರು ಮುಗೀತು. ಬೇಗ ಯೋಳಿ."

ಅಳುವುದಕ್ಕೂ ಶಕ್ತಿ ಬೇಕಲ್ಲ... ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಬಂದವಳಲ್ಲಿ ಅದೂ ಉಳಿದಿರಲಿಲ್ಲ.

"ಹಳೇ ಸರ್ವರ್ ಹೆಸರು ಡೈರೆಕ್ಟರಿಯಲ್ಲಿ ಇನ್ನೂ ಇದೆ ಮುನೀ. ಗುರುವಾರ ಆಡಿಟರ್ ಬರ್ತಾರೆ, ಅಷ್ಟರಲ್ಲಿ ಅಳಿಸು ಅಂತ ವಾದಿರಾಜ್ ಸಾರ್ ಹೇಳಿದಾರೆ. ನಂಗೆ ಭಯ. ತಪ್ಪಿ ಇನ್ನೊಂದನ್ನ ಅಳಿಸಿದ್ರೆ ಎಲ್ಲಾ ನಿಂತ್ಹೋಗುತ್ತೆ."

ಡೈರೆಕ್ಟರಿಯೆಂದರೆ ಕಾರ್ಖಾನೆಯ ಕಂಪ್ಯೂಟರುಗಳ ಹಾಜರಿ ಪುಸ್ತಕವಿದ್ದಂತೆ. ಯಾರನ್ನು ಒಳಗೆ ಬಿಡಬೇಕೆಂದು ಅದೇ ಹೇಳಬೇಕು. ಎರಡು ಸರ್ವರ್‌ಗಳು ಪರಸ್ಪರ ಮಾತಾಡಿಕೊಂಡು ಅದನ್ನು ಕಾಯುತ್ತಿದ್ದವು. ಹಳೆಯದಕ್ಕೆ ಕ್ರಮವಾಗಿ ಬಿಡುಗಡೆ ಕೊಡದೆ ಯಾರೋ ವೈರು ಕಿತ್ತು ಸಾಗಹಾಕಿದ್ದರು. ಹೆಸರು ಮಾತ್ರ ಉಳಿಯಿತು. ಅಂದಿನಿಂದ ದಿನಾ ಬೆಳಿಗ್ಗೆ ಕಂಪ್ಯೂಟರುಗಳು ಇಲ್ಲದವನನ್ನು ಕರೆದು ಕರೆದು ದಣಿಯುತ್ತಿದ್ದವು. ಲಾಗಿನ್ ಆಗಲು ಇಪ್ಪತ್ತು ನಿಮಿಷ!

ಮುನಿಕೃಷ್ಣ ನಕ್ಕ. "ಕೆಲ್ಸ ಕಿತ್ಕಂಡೋರ ಕೆಲ್ಸಾನೂ ನಾನೇ ಮಾಡ್ಕೊಡ್ಬೇಕಾ?"

"ನಾನು ಬರ್ದಿದ್ದು ಒಂದೇ ಸಾಲು. ಅಡ್ಮಿನ್ ಪಾಸ್‌ವರ್ಡ್ ಮುನಿಕೃಷ್ಣ ಹತ್ರ ಇತ್ತು ಅಂತ. ಅದು ನಿಜ ತಾನೆ?"

"ನಿಜ. ನಿನ್ನತ್ರಾನೂ ಇತ್ತು. ವಾದಿರಾಜನತ್ರಾನೂ ಇತ್ತು. ಟೀ ಕೊಡೋ ಶ್ಯಾಮಣ್ಣಂಗೂ ಗೊತ್ತಿತ್ತು! ಅದ್ಯಾಕ್ ಬರೀಲಿಲ್ಲ?"

ಇಡೀ ವಿಭಾಗಕ್ಕೆ ಒಂದೇ ಅಡ್ಮಿನ್ ಖಾತೆ; ಪಾಸ್‌ವರ್ಡಿನ ಚೀಟಿ ಪ್ರಿಂಟರಿಗೇ ಅಂಟಿಸಿದ್ದು. ಅವರು ಒಂದು ಸಾಲು ಕೇಳಿದರು, ಅವಳು ಒಂದು ಸಾಲು ಕೊಟ್ಟಳು.

ಆ ಹೇಳಿಕೆಗೆ ಮುಂಚಿನ ಶನಿವಾರ ಅವನು ಮ್ಯಾನೇಜರ್ ವಾದಿರಾಜನ ಟೇಬಲ್ ಗುದ್ದಿ ಕೇಳಿದ್ದ: ಕಾಯಂನವರು ಉಂಡೆದ್ದ ಮೇಲೆ ತಣ್ಣಗಾದ ಸಾರು ಕಾಂಟ್ರಾಕ್ಟ್‌ನವರೇಕೆ ಉಣ್ಣಬೇಕು? ಕ್ಯಾಂಟೀನಿನಲ್ಲಿ ಎರಡು ಸಾಲೇಕೆ? ಆವತ್ತೇ ಅವನ ಗೇಟ್ ಪಾಸ್ ಕಿತ್ತುಕೊಂಡರು. ಬುಧವಾರ ಬೆಳಿಗ್ಗೆ ಲಾಗಿನ್ ಆಗದೆ ಕಾರ್ಖಾನೆಯೇ ನಿಂತಿತು. ಶನಿವಾರ ಹೋಗುವಾಗ ಸಿಟ್ಟಿಗೆ ಪಾಸ್‌ವರ್ಡ್ ಹಾಕಿ ಸರ್ವರ್ ಆರಿಸಿ ಕಿತ್ತು ಹೋದ, ಪೆಟ್ಟು ತಡವಾಗಿ ತಿಳಿಯಿತು ಎಂದರು.

ಶರಣ್ಯಳೂ ನಂಬಿದಳು. ಆ ಸಿಟ್ಟನ್ನೇ ಅಲ್ಲವೇ ಅವಳು ಎರಡು ವರ್ಷ ಬಾಯಿಬಿಡದೆ ಪ್ರೀತಿಸಿದ್ದು... ಅದಕ್ಕೇ ನಂಬುವುದು ಸುಲಭವಾಗಿತ್ತು.

"ಬರ್ಕೋ," ಎಂದ ಅವನು ಕೊನೆಗೆ. ದನಿಯಲ್ಲಿ ಕೋಪವೂ ಉಳಿದಿರಲಿಲ್ಲ. "ಅಳಿಸಾಕ್ ಮುಂಚೆ, ಉಳ್ದಿರೋ ಸರ್ವರ್‌ನ ಕೇಳು, ಹಳೇದು ಕೊನೇ ಸಲ ಯಾವಾಗ ಮಾತಾಡ್ತು ಅಂತ. ಬದುಕಿರೋದನ್ನ ಅಳಿಸ್ಬಿಟ್ಟೀಯ! ಅಳಿಸಿದ್ ಮ್ಯಾಲೆ ಆ ದಾಖಲೆನೂ ಇರಾಕಿಲ್ಲ."

ಸೋಮವಾರ ಬೆಳಿಗ್ಗೆ ಅವಳು ಹಾಗೆಯೇ ಕೇಳಿದಳು. ತೆರೆಯ ಮೇಲೆ ಉತ್ತರ ಬಂತು.

ಕಾರ್ಖಾನೆ ನಿಂತ ವಾರದ ಮಂಗಳವಾರ. ಹನ್ನೊಂದು ಗಂಟೆ ಹತ್ತು ನಿಮಿಷ.

ಮೂರು ಸಲ ಓದಿದಳು. ಮಂಗಳವಾರ! ಶನಿವಾರದಿಂದಲೇ ಅವನು ಗೇಟಿನ ಹೊರಗಿದ್ದ.

ಮಂಗಳವಾರ ಹಿಂದಿನ ಗೇಟಿಗೆ ಗುಜರಿ ಲಾರಿ ಬಂದಿತ್ತು. ಹೊಸ ಏಸಿಗೆ ಜಾಗ ಬೇಕೆಂದು ವಾದಿರಾಜ ತಾನೇ ನಿಂತು ಹಳೆಯ ರ್‍ಯಾಕು ಹೊರಿಸಿದ್ದ. ಖಾಲಿ ರ್‍ಯಾಕು ಅಂದುಕೊಂಡು ಇವಳೇ ಕುರ್ಚಿ ಸರಿಸಿ ದಾರಿ ಬಿಟ್ಟಿದ್ದಳು.

ಅಯ್ಯೋ... ಅದರೊಳಗಿದ್ದ ಸರ್ವರ್ ಕಣ್ಣೆದುರೇ ಹೋಗಿತ್ತಲ್ಲ!

"ಏನಮ್ಮಾ, ಆಯ್ತಾ?" ವಾದಿರಾಜ ಬಾಗಿಲಲ್ಲಿ ನಿಂತಿದ್ದ. "ಒಂದ್ ಹೆಸರು ಅಳಿಸೋಕೂ ಮುಹೂರ್ತ ಇಡಿಸ್ಬೇಕಾ?"

"ಸಾರ್, ಇದು ಸತ್ತಿದ್ದು ಮಂಗಳವಾರ."

ಅವನ ಮುಖದ ನಗು ಅಲ್ಲೇ ನಿಂತಿತು. ಬಂದು ತೆರೆ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ, "ಮೆಷಿನ್ ಏನೇನೋ ತೋರಿಸುತ್ತೆ. ಮುಂದಿನ ತಿಂಗಳು ನಿನ್ನ ಕಾಂಟ್ರಾಕ್ಟ್ ರಿನ್ಯೂವಲ್ ಅಲ್ವಾ? ತಿಂಡಿ ಮುಗಿಸಿ ಬರ್ತೀನಿ. ಅಷ್ಟರಲ್ಲಿ ಅಳಿಸಿರ್ಬೇಕು."

ಅವನು ಹೋದ ಮೇಲೆ ಅವಳು ಫೋನ್ ಹಚ್ಚಿದಳು.

"ಮುನೀ... ಸರ್ವರ್ ಕೊನೇಗೆ ಮಾತಾಡಿದ್ದು ಮಂಗಳವಾರ ಕಣೋ. ನೀನು ಕಿತ್ತಿಲ್ಲ."

ಆ ಕಡೆ ಗೋಡೌನಿನ ಗದ್ದಲದಲ್ಲಿ ಅವನು ಸ್ಕ್ಯಾನ್ ಯಂತ್ರ ಕೆಳಗಿಟ್ಟ ಸದ್ದು.

"ನಾಲ್ಕು ತಿಂಗ್ಳು ನಿನ್ನ ನಂಬ್ಲಿಲ್ಲ ನಾನು! ಕ್ಷಮ್ಸು ಅನ್ನಕ್ಕೂ ನಾಚ್ಕೆ ಆಗ್ತಿದೆ..."

"ಬಿಡು. ಸುಸ್ತಾಗೈತೆ ಕಣೆ. ಯಾರಾದ್ರೂ ಒಬ್ರಿಗೆ ಗೊತ್ತಾಗ್ಲಿ ಅಂತಿದ್ದೆ. ನಿಂಗ್ ಗೊತ್ತಾಯ್ತು, ಸಾಕು. ಈಗ ಅಳಿಸ್ಬಿಡು."

"ಏನಂದೆ?"

"ಫೋಟೋ ತಗಂಡು ಅಳಿಸು. ನಿಮ್ಮಪ್ಪ ಫ್ಯಾಕ್ಟ್ರಿಯಿಂದ ರಿಟೈರ್ ಆಗವ್ರೆ, ಮನೆ ನಿನ್ ಮ್ಯಾಲೈತೆ."

"ಫೋಟೋ ತೋರ್ಸಿದ್ರೆ ನಾನೇ ತಿದ್ದಿದೀನಿ ಅಂತಾರೆ. ಗುರುವಾರ ಆಡಿಟರ್ ತಾನೇ ಕಣ್ಣಾರೆ ನೋಡ್ಲಿ. ಹೊಸ ಹೇಳಿಕೇನೂ ಬರೀತೀನಿ, ಪೂರ್ತಿ."

"ಹುಚ್ಚಾ ನಿಂಗೆ? ಕೆಲ್ಸ ಹೋಗ್ತದೆ!"

"ಹೋಗ್ಲಿ. ನಿನ್ನ ಪ್ರೀತಿಸ್ತೀನಿ ಅನ್ನಕ್ಕೇ ಎರಡು ವರ್ಷ ತಡ ಮಾಡ್ದೆ. ಇನ್ನು ಯಾವುದಕ್ಕೂ ತಡ ಮಾಡಲ್ಲ."

ಗೋಡೌನಿನ ಸದ್ದು ದೂರವಾಯಿತು. ಅವನು ಹೊರಗೆ ಬಂದಿರಬೇಕು.

"...ಏನಂದೆ ಈಗ?"

"ಕೇಳಿಸ್ತಲ್ಲ."

"ಕೇಳಿಸ್ತು. ದಿನಾ ನಿನ್ ಪಕ್ಕದ ಕುರ್ಚೀಲಿ ಕೂರ್ಬೇಕು ಅಂತಾನೇ ಎಂಟೊರ್ಸ ಆ ದರಿದ್ರ ಜಾಗ ಬಿಡ್ಲಿಲ್ಲ ಕಣೆ."

"ನಾನು ಸೇರಿದ್ದೇ ಮೂರು ವರ್ಷದ ಹಿಂದೆ!"

"ಆ ಮೂರೊರ್ಸ ಅಂತ ಇಟ್ಕೋ..." ಅವನು ನಕ್ಕ, ಆಮೇಲೆ ದನಿ ತಗ್ಗಿತು. "ಅದಕ್ಕೇ ಯೋಳ್ತಿರೋದು ಶರಣ್ಯಾ. ಬೀದೀಗೆ ನಾನೊಬ್ನು ಬಿದ್ದಿದ್ ಸಾಕು. ನನ್ ಮ್ಯಾಲೆ ಆಣೆ, ಅಳಿಸು."

ಬಾಗಿಲು ತೆರೆಯಿತು. ವಾದಿರಾಜ ಕರ್ಚೀಫಿನಲ್ಲಿ ಕೈ ಒರೆಸುತ್ತ ಒಳಬಂದ.

"ಅಳಿಸಿದ್ಯಾ?"

ಅವಳು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕೀಬೋರ್ಡನ್ನು ದೂರ ಸರಿಸಿ, ಇಬ್ಬರಿಗೂ ಕೇಳುವಂತೆ ಹೇಳಿದಳು.

"ಇಲ್ಲ. ಅಳಿಸಲ್ಲ."