ತಿದಿಯ ದುಗ್ಗಯ್ಯ ಕೊಂಡ ಉಸಿರಿನ ದೋಣಿ

"ಹುಡುಗೀನ ಕರ್ಕೊಂಡು ಬಾ, ಅನ್ನ ಆರಿಹೋಗ್ತದೆ."

ಮಾಳವ್ವ ತನ್ನ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಜ್ವರ ನೆತ್ತಿಗೇರಿತ್ತು. ಮಗಳು ಪಕ್ಕದ ಬೀದಿಯಲ್ಲಿ ಆಡುತ್ತಿದ್ದಾಳೆ ಅಂದುಕೊಂಡಿದ್ದಳು. ಆಡುತ್ತಿರಲಿಲ್ಲ. ಒಲೆಯ ಮೇಲೆ ಅನ್ನವೂ ಇರಲಿಲ್ಲ. ಗಂಡ "ಹೂಂ" ಅಂದ. ಅಷ್ಟರಲ್ಲಿ ಅವಳು ಹೋಗಿದ್ದಳು.

ಇದು ನಡೆದದ್ದು ಬಹಳ ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಕಾಲದಲ್ಲಿ, ನೀರಸೀಮೆ ಅನ್ನೋ ರಾಜ್ಯದಲ್ಲಿ. ಆ ಗಂಡನ ಹೆಸರು ದುಗ್ಗಯ್ಯ. ಕುಲುಮೆಯಲ್ಲಿ ತಿದಿ ಒತ್ತುವುದು ಅವನ ಕೆಲಸ. ಅವನು ಒತ್ತಿದರೆ ಚರ್ಮದ ತಿದಿ ಉಸಿರಾಡುತ್ತಿತ್ತು, ಬೆಂಕಿ ಏಳುತ್ತಿತ್ತು. ಓದು ಬರಹ ಗೊತ್ತಿರಲಿಲ್ಲ. ಮಾತೂ ಕಡಿಮೆ.

ಆ ರಾಜ್ಯದ ನಡುವೆ ಒಂದು ದೊಡ್ಡ ಕೆರೆ. ಕೆರೆಯ ನಡುವೆ ಒಂದು ದ್ವೀಪ. ದ್ವೀಪದಲ್ಲಿ ಉಸಿರುಗಳ್ಳ ಅನ್ನೋ ಮಾಂತ್ರಿಕ ಬಂದು ಸೇರಿದ್ದ. ಜೊಂಡು ಕೊಯ್ಯಲು ಹೋದ ಹುಡುಗಿಯರ ಉಸಿರನ್ನು ಕದ್ದ. ಉಸಿರು ಹೋದ ಹುಡುಗಿಯರು ಹಗುರಾಗಿ ಬೆಳ್ಳಕ್ಕಿಗಳಾಗಿ ಹಾರಿಹೋದರು. ದುಗ್ಗಯ್ಯನ ಮಗಳು ಸಂಕಿಯೂ ಹಾರಿದಳು. ಅವಳಿಗೆ ಹನ್ನೆರಡು ವರ್ಷ. ಹಕ್ಕಿಯನ್ನು ಹಿಡಿದು ತಂದರೆ ಆಗದು, ಉಸಿರು ದ್ವೀಪದಲ್ಲಿತ್ತು. ಹುಣ್ಣಿಮೆಯ ಚಂದ್ರ ಹುಟ್ಟುವ ಮೊದಲು ಅದನ್ನು ಬಿಡಿಸಬೇಕು. ಇಲ್ಲದಿದ್ದರೆ ಹಕ್ಕಿ ಹಕ್ಕಿಯಾಗೇ ಉಳಿಯುತ್ತದೆ.

ರಾಜ ಸೈನ್ಯ ಕಳಿಸಿದ್ದ. ಮರದ ದೋಣಿಗಳಲ್ಲಿ ಹೋದರು. ನಡುನೀರಿಗೆ ಬಂದಾಗ ಮಾಂತ್ರಿಕ ಒಮ್ಮೆ ಶಿಳ್ಳೆ ಹಾಕಿದ. ದೋಣಿಗಳು ಬೇರು ಬಿಟ್ಟವು, ಚಿಗುರಿದವು, ಮರಗಳಾಗಿ ನಿಂತವು. ಸೈನಿಕರು ಕೊಂಬೆಗಳ ಮೇಲೆ ಕೂತೇ ಉಳಿದರು.

ಹುಣ್ಣಿಮೆಗೆ ಒಂದೇ ದಿನ ಇತ್ತು. ದುಗ್ಗಯ್ಯ ಯೋಚಿಸಿದ. ಮರ ಆಗುವುದಿಲ್ಲ. ಚರ್ಮ ಬೇಕು, ಒಳಗೆ ಗಾಳಿ ಬೇಕು. ಸೈನ್ಯ ಬಂದು ಹೋದ ಮೇಲೆ ಮಾಂತ್ರಿಕ ಕೆರೆಯ ದಾರಿಗೆ ಬಂಡೆ ಅಡ್ಡ ಹಾಕಿದ್ದ, ಉಳಿದದ್ದು ಅದರಲ್ಲಿ ಒಂದು ಬಿರುಕು. ಅದರಲ್ಲಿ ಬೆನ್ನ ಮೇಲೆ ಚೀಲ ಹೊತ್ತ ಮನುಷ್ಯ ಅಡ್ಡಡ್ಡ ನುಸುಳಬಹುದು, ಅಷ್ಟೆ. ಹಾಗಾಗಿ ಮಡಿಸಿದರೆ ಚೀಲಕ್ಕೆ ಹಿಡಿಯುವ ದೋಣಿ ಬೇಕು. ತನ್ನ ಕೈಗೆ ಎಟುಕುವ ಬೆಲೆಯದೂ ಆಗಬೇಕು.

ಸಂತೆಗೆ ಹೋದ. ಊದುವ ದೋಣಿ ಮಾರುವವರು ಮೂರೇ ಮಂದಿ.

ಮೊದಲನೆಯದು ರತ್ನಶೆಟ್ಟಿಯ ಅಂಗಡಿ. ಹೆಬ್ಬಾವಿನ ಚರ್ಮದ ದೋಣಿ. ಊದುವುದೇ ಬೇಡ, "ಏಳು" ಅಂದರೆ ತಾನೇ ಉಬ್ಬಿ ನಿಲ್ಲುತ್ತಿತ್ತು.

"ಬೆಲೆ?" ಅಂದ ದುಗ್ಗಯ್ಯ.

"ಇನ್ನು ಮುಂದಿನ ನಿನ್ನ ನಿದ್ದೆಯೆಲ್ಲ. ಸಾಯೋವರೆಗೂ."

"ಮಗಳು ಹಾರಿಹೋಗಿ ಹದಿನಾರು ದಿನ ಆಯ್ತು ಶೆಟ್ರೇ, ಆವತ್ತಿಂದ ನಿದ್ದೆ ಇಲ್ಲ. ಇಲ್ಲದ್ದನ್ನ ಎಲ್ಲಿಂದ ಕೊಡಲಿ?"

"ಹಾಗಾದ್ರೆ ಕೈ ತೆಗಿ. ಚರ್ಮ ಮಾಸ್ತದೆ."

"ಮಡಿಸಿದ್ರೆ ಎಷ್ಟಾಗ್ತದೆ?"

"ಇದನ್ನ ಮಡಿಸೋದಾ? ಸುರುಳಿ ಸುತ್ತಿ ಗಾಡೀಲಿ ಹಾಕ್ಬೇಕು. ಹೊರೋಕೆ ನಾಲ್ಕು ಜನ. ನಿನ್ನಂಥೋರಿಗಲ್ಲ ಬಿಡು."

ದುಗ್ಗಯ್ಯ ಮುಂದೆ ಹೋದ.

ಎರಡನೆಯದು ಗಿಣಿಯಪ್ಪನ ಅಂಗಡಿ. ಮೀನಿನ ಹೊಟ್ಟೆಯ ಗಾಳಿಚೀಲಗಳನ್ನು ಹೊಲಿದು ಮಾಡಿದ ದೋಣಿ. ಮಡಿಸಿದರೆ ಎಲೆಯಡಿಕೆ ಚೀಲದಷ್ಟು. ಬೆಲೆ ಒಂದು ಅಚ್ಚು ಬೆಲ್ಲ.

"ತಗೋ ಮಾವ, ಯೋಚ್ನೆ ಯಾಕೆ? ಇಷ್ಟು ಅಗ್ಗಕ್ಕೆ ದೋಣಿ ಯಾರು ಕೊಡ್ತಾರೆ?" ಅಂದ ಗಿಣಿಯಪ್ಪ.

ದುಗ್ಗಯ್ಯ ದೋಣಿಯನ್ನು ಊದಿದ. ಆಮೇಲೆ ಹೊಲಿಗೆಗೆ ಕೆನ್ನೆ ಇಟ್ಟ. ತಿದಿಯವರ ಪದ್ಧತಿ ಅದು. ಎಲ್ಲಿ ಗಾಳಿ ಸೋರುತ್ತದೆ ಅಂತ ಕೈಗೆ ತಿಳಿಯದು, ಕಣ್ಣಿಗೆ ಕಾಣದು, ಒದ್ದೆ ಕೆನ್ನೆಗೆ ತಣ್ಣಗೆ ತಾಗುತ್ತದೆ. ಕೆನ್ನೆಗೆ ನೀರು ಹಚ್ಚಿಕೊಳ್ಳಬೇಕು. ಅವನಿಗೆ ಆವತ್ತು ಬೇರೆ ನೀರು ಬೇಕಾಗಲಿಲ್ಲ.

"ಮೂರು ಕಡೆ ಸೋರ್ತಿದೆ," ಅಂದ.

"ಒಂದಚ್ಚು ಬೆಲ್ಲಕ್ಕೆ ಮುಳುಗದೇ ಇರೋದೂ ಬೇಕೇನು ನಿಂಗೆ?"

ದುಗ್ಗಯ್ಯ ಮುಂದೆ ಹೋದ.

ಮೂರನೆಯದು ಅಂಗಡಿಯೇ ಅಲ್ಲ. ಸಂತೆಯ ಕೊನೆಯಲ್ಲಿ ಈರಜ್ಜಿ ಅನ್ನೋ ಮುದುಕಿ ಗೋಣಿ ಹಾಸಿ ಕೂತಿದ್ದಳು. ಮುಂದೆ ಆಡಿನ ಚರ್ಮದ ಒಂದು ಕಂದು ಗಂಟು. ಹರಳೆಣ್ಣೆಯ ವಾಸನೆ. ಮೈತುಂಬ ತೇಪೆ.

"ನೋಡೋಕೆ ಚೆಂದಿಲ್ಲ," ಅಂದ ದುಗ್ಗಯ್ಯ.

"ನೀನೇನು ಚೆಂದಿದ್ದೀಯಾ? ಊದು."

ಊದಿದ. ಕೆನ್ನೆ ಇಟ್ಟ. ಈ ತುದಿಯಿಂದ ಆ ತುದಿಯವರೆಗೆ ಇಟ್ಟುಕೊಂಡು ಹೋದ. ಎಲ್ಲೂ ತಣ್ಣಗಾಗಲಿಲ್ಲ.

"ಒಳಗೆ ಎರಡು ಹೊಟ್ಟೆ ಇದೆ," ಅಂದಳು ಈರಜ್ಜಿ. "ಒಂದು ಹೋದ್ರೆ ಇನ್ನೊಂದು ಹೊರ್ತದೆ. ಮಡಿಸೋವಾಗ ಬಾಲದ ಕಡೆಯಿಂದ ಒತ್ಕೊಂಡು ಬಾ, ಬಾಯಿ ಕಡೆ ಗಾಳಿ ಹೋಗ್ತದೆ. ಮಡಿಕೆಗೆ ಬೂದಿ ಉದುರಿಸು, ಅಂಟಲ್ಲ. ನಿನ್ನ ಹೆಗಲಚೀಲಕ್ಕೆ ಹಿಡಿಸ್ತದೆ."

"ಬೆಲೆ?"

"ನಮ್ಮಣ್ಣನ ಕುಲುಮೆ ತಿದಿ ಹರಿದು ಮೂಲೇಲಿ ಬಿದ್ದದೆ. ಅದನ್ನ ಹೊಲ್ದು ಕೊಡು. ಅಷ್ಟೇ."

ದುಗ್ಗಯ್ಯ ಆ ಕುಲುಮೆಗೆ ಹೋಗಿ ಸೂಜಿ ಎತ್ತಿದ. ಹೊತ್ತು ಮುಳುಗುವ ತನಕ ಹೊಲಿದ. ಆ ಹದಿನಾರು ದಿನದಲ್ಲಿ ಅವನು ಕೂತು ಕೆಲಸ ಮಾಡಿದ್ದು ಅದೇ ಮೊದಲು.

ಮಾರನೇ ದಿನ ಹುಣ್ಣಿಮೆ. ಬೆಳಕು ಹರಿಯುವಾಗಲೇ ಹೊರಟ. ಬೆನ್ನ ಮೇಲೆ ಚೀಲ. ಹುಟ್ಟು ಹಾಕಲು ಮರದ್ದು ಆಗದು ಅಂತ ಕುಲುಮೆಯಲ್ಲಿ ಕೆಂಡ ಎತ್ತುವ ಕಬ್ಬಿಣದ ಸಲಿಕೆ ಕೈಯಲ್ಲಿ.

ಬಂಡೆಯ ಬಿರುಕಿನ ಬಾಯಲ್ಲಿ ಕಲ್ಲಿನ ನಾಯಿ ಮಲಗಿತ್ತು. ಮಾಂತ್ರಿಕನ ಕಾವಲು. ಒಂದು ಕಣ್ಣು ಬಿಟ್ಟಿತು.

"ದೋಣಿ ತಂದಿದ್ದೀಯಾ?"

"ಚರ್ಮ ತಂದಿದ್ದೀನಿ. ಮೂಸಿ ನೋಡು."

ನಾಯಿ ಮೂಸಿತು. ಆಡಿನ ವಾಸನೆ, ಎಣ್ಣೆಯ ವಾಸನೆ, ಬೂದಿಯ ವಾಸನೆ. ದೋಣಿಯ ವಾಸನೆ ಇರಲಿಲ್ಲ.

"ಹೋಗು," ಅಂತ ಮತ್ತೆ ಕಲ್ಲಾಯಿತು.

ದಡದಲ್ಲಿ ಕೂತು ಊದಿದ. ಕುಲುಮೆಯ ಕೈ, ಕುಲುಮೆಯ ಬಾಯಿ. ತಿದಿಯನ್ನು ತುಂಬಿದಂತೆ ಬಿಮ್ಮನೆ ತುಂಬಿದ. ಅದೇ ತಪ್ಪಾಯಿತು. ತಿದಿ ಸೂರಿನಡಿ ಇರುತ್ತದೆ, ಒತ್ತಿದಾಗಲೆಲ್ಲ ಗಾಳಿ ಬಿಡುತ್ತದೆ. ದೋಣಿ ಬಿಸಿಲಲ್ಲಿ ಇರುತ್ತದೆ, ಗಾಳಿ ಬಿಡುವುದಿಲ್ಲ.

ನಡುನೀರಿನ ಮರಗಳ ಹತ್ತಿರ ಬಂದಾಗ ಮೇಲಿನಿಂದ ಒಬ್ಬ ಸೈನಿಕ ಕೂಗಿದ.

"ಅಯ್ಯಾ, ಎಲೆಯಡಿಕೆ ಇದೆಯಾ?"

"ಇಲ್ಲ. ನಿಮ್ಮ ಸೇನಾಪತಿ ಎಲ್ಲಿ?"

"ಆ ದೊಡ್ಡ ಮರ ನೋಡು, ಅಲ್ಲಿ. ದೊಡ್ಡೋರು ದೊಡ್ಡ ದೋಣೀಲೇ ಬಂದಿದ್ರು."

ಮಾಂತ್ರಿಕ ಶಿಳ್ಳೆ ಹಾಕಿದ. ಆಡಿನ ಚರ್ಮಕ್ಕೆ ಬೇರು ಬರಲಿಲ್ಲ. ಆದರೆ ಸೂರ್ಯ ನೆತ್ತಿಯ ಮೇಲೆ ಬಂದ. ಒಳಗಿನ ಗಾಳಿ ಬಿಸಿಯಾಯಿತು, ದೋಣಿ ಉಬ್ಬಿತು, ಹೊಲಿಗೆ ಕಿರ್ ಅಂದಿತು. ದುಗ್ಗಯ್ಯ ಬಿರಡೆಗೆ ಕೈ ಹಾಕುವ ಮೊದಲೇ ಒಂದು ಹೊಟ್ಟೆ ಡಬ್ ಅಂತ ಬಿಚ್ಚಿಕೊಂಡಿತು. ಇನ್ನೊಂದರ ಬಿರಡೆ ಸಡಿಲಿಸಿ ಒಂದು ಗುಕ್ಕು ಗಾಳಿ ಬಿಟ್ಟ. ಅದು ಸುಮ್ಮನಾಯಿತು. ಸೊಂಟದವರೆಗೆ ನೀರಲ್ಲಿ ಕೂತು, ಒಂದೇ ಹೊಟ್ಟೆಯ ಮೇಲೆ ಸಲಿಕೆ ಹಾಕುತ್ತಾ ದ್ವೀಪ ಮುಟ್ಟಿದ.

ಅಲ್ಲಿ ಜೊಂಡಿನ ತುಂಬ ಬೆಳ್ಳಕ್ಕಿಗಳು. ಯಾವುದು ತನ್ನದು ಅಂತ ಅವನಿಗೆ ತಿಳಿಯಲಿಲ್ಲ.

ಉಸಿರುಗಳ್ಳ ಬಂದ. ಆನೆಯಷ್ಟು ದೊಡ್ಡವನು, ಆದರೆ ಹುಲ್ಲು ಬಾಗದಂತೆ ನಡೆಯುತ್ತಿದ್ದ. ಹೊಟ್ಟೆಯಿಂದ ಒಂದು ಕೊಳವೆ ಹೊರಗೆ ಬಂದಿತ್ತು.

"ಮಗಳು ಬೇಕಾ?" ಅಂದ. "ಈ ಕೊಳವೆಗೆ ಒಂದು ಸಲ ಊದು. ಕಳಿಸಿಕೊಡ್ತೀನಿ."

ಹುಡುಗಿಯರಿಗೂ ಹೀಗೇ ಏನೋ ಹೇಳಿ ಊದಿಸಿದ್ದ.

"ಊದ್ತೀನಿ," ಅಂದ ದುಗ್ಗಯ್ಯ. "ಆದ್ರೆ ಹೊಸ ತಿದಿಗೆ ಊದೋ ಮುಂಚೆ ಮೈ ನೋಡ್ಬೇಕು. ಸೋರೋದಕ್ಕೆ ಊದಿದ್ರೆ ನಮ್ಮವರು ಒಪ್ಪಲ್ಲ."

ಮಾಂತ್ರಿಕ ನಕ್ಕ. "ನಾನು ಸೋರ್ತೀನಾ? ನೋಡು, ನೋಡು!"

ದುಗ್ಗಯ್ಯ ಕೆನ್ನೆ ಇಟ್ಟ. ಹೊಟ್ಟೆಯ ಮೇಲೆ ಇಟ್ಟ, ಬೆಚ್ಚಗಿತ್ತು. ಬೆನ್ನ ಮೇಲೆ ಇಟ್ಟ, ಬೆಚ್ಚಗಿತ್ತು. ಕಲ್ಲು ಹತ್ತಿ ಹಿಂಗತ್ತಿಗೆ ಇಟ್ಟ, ತಣ್ಣಗೆ ತಾಗಿತು. ಅಲ್ಲೊಂದು ಗಂಟು, ಗಂಟಿನಲ್ಲಿ ಒಂದು ದಾರ.

"ಏನದು? ಏನ್ ಮಾಡ್ತಿದ್ದೀ?" ಅಂದ ಮಾಂತ್ರಿಕ.

ದುಗ್ಗಯ್ಯ ದಾರ ಎಳೆದ.

ಉಸಿರೆಲ್ಲ ಹೊರಗೆ ಬಂತು. ಜೊಂಡು ಮಲಗಿ ಎದ್ದಿತು. ಒಂದೊಂದು ಉಸಿರೂ ತನ್ನ ತನ್ನ ಹಕ್ಕಿಯನ್ನು ಹುಡುಕಿಕೊಂಡು ಹೋಯಿತು. ಬೆಳ್ಳಕ್ಕಿಗಳು ಕೆಮ್ಮುತ್ತಾ, ಸೀನುತ್ತಾ ಹುಡುಗಿಯರಾಗಿ ಎದ್ದು ನಿಂತವು. ನಡುನೀರಿನ ಮರಗಳು ಬೇರು ಕಿತ್ತುಕೊಂಡು ದೋಣಿಗಳಾದವು. ಸೇನಾಪತಿ ನೀರಿಗೆ ಬಿದ್ದದ್ದನ್ನು ಎಲ್ಲರೂ ನೋಡಿದರು. ಮಾಂತ್ರಿಕನದು ಒಂದು ತೊವಲು ಮಾತ್ರ ಉಳಿಯಿತು. ದುಗ್ಗಯ್ಯ ಅದರಿಂದ ಅಂಗೈಯಗಲ ಕತ್ತರಿಸಿ ತನ್ನ ದೋಣಿಗೆ ತೇಪೆ ಹಾಕಿದ. ಮಿಕ್ಕಿದ್ದನ್ನು ಸುಟ್ಟ.

ಬೇರೆ ಹುಡುಗಿಯರು ಸೈನಿಕರ ದೋಣಿ ಹತ್ತಿದರು. ಸಂಕಿ ಅಪ್ಪನ ದೋಣಿ ಹತ್ತಿದಳು. ಈ ಸಲ ಸಡಿಲವಾಗಿ ಊದಿದ್ದ. ಹೊತ್ತು ಇಳಿಯುತ್ತಿತ್ತು. ನೀರು ಸುಮ್ಮನಿತ್ತು.

"ಅವ್ವ ದಡದಲ್ಲಿದ್ದಾಳಾ?" ಅಂದಳು ಸಂಕಿ.

ದುಗ್ಗಯ್ಯ ಐದಾರು ಸಲ ಸಲಿಕೆ ಹಾಕಿದ.

"ಅವ್ವ ಇಲ್ಲ ಕಣೇ."

ಸಂಕಿ ನೀರು ನೋಡಿದಳು.

"ನಾನು ಮನೆ ಹತ್ರ ಬಂದಿದ್ದೆ ಅಪ್ಪಾ. ಅಂಗಳದ ತುಂಬ ಜನ ಇದ್ರು. ಮಾಡಿನ ಮೇಲೆ ಕೂತೆ. ನೀನು ಹುಶ್ ಅಂತ ಓಡಿಸಿದೆ."

"ಗೊತ್ತಾಗಲಿಲ್ಲ."

"ನಂಗೂ ಗೊತ್ತಾಗಲಿಲ್ಲ. ಯಾಕೆ ಅಲ್ಲಿಗೆ ಬಂದೆ ಅಂತ."

ಅವನು ಸಲಿಕೆ ಕೆಳಗಿಟ್ಟ. ದೋಣಿ ಅಲ್ಲೇ ನಿಂತಿತು. ಸಂಕಿ ಅಳುವಷ್ಟು ಅತ್ತಳು. ಆಮೇಲೆ ಅವನು ಮತ್ತೆ ಸಲಿಕೆ ಎತ್ತಿಕೊಂಡ. ಚಂದ್ರ ಹುಟ್ಟುವಾಗ ದಡದಲ್ಲಿದ್ದರು.

ಅಲ್ಲಿಂದ ಮುಂದೆ ಆ ಸೀಮೆಯಲ್ಲಿ ದೋಣಿಗಳು ದೋಣಿಗಳಾಗೇ ಇದ್ದವು, ಹುಡುಗಿಯರು ಹುಡುಗಿಯರಾಗೇ ಇದ್ದರು. ಜೊಂಡು ಚೆನ್ನಾಗಿ ಬೆಳೆಯಿತು. ಕಲ್ಲಿನ ನಾಯಿಯ ಬೆನ್ನ ಮೇಲೆ ಜನ ಬಟ್ಟೆ ಒಣಹಾಕಿದರು. ಎಲ್ಲರೂ ಸುಖವಾಗಿದ್ದರು.

ದುಗ್ಗಯ್ಯ ಮಾರನೇ ಬೆಳಿಗ್ಗೆ ಕುಲುಮೆಗೆ ಹೋಗಲಿಲ್ಲ. ಜಗಲಿಯ ಮೇಲೆ ಮಗಳನ್ನು ಮುಂದೆ ಕೂರಿಸಿಕೊಂಡ. ಅವಳ ತಲೆಯಲ್ಲಿ ಇನ್ನೂ ನಾಲ್ಕೈದು ಬಿಳಿ ಪುಕ್ಕ ಉಳಿದಿದ್ದವು. ಒಂದೊಂದಾಗಿ ಆಯ್ದು ತೆಗೆದ. ಎಣ್ಣೆ ಹಚ್ಚಿದ. ಕೂದಲನ್ನು ಮೂರು ಪಾಲು ಮಾಡಿ ಜಡೆ ಹಾಕಿದ. ಸೊಟ್ಟ ಬಂತು, ಬಿಚ್ಚಿದ. ಮತ್ತೆ ಹಾಕಿದ. ಮತ್ತೂ ಸೊಟ್ಟ ಬಂತು.

"ಸಾಕು ಬಿಡಪ್ಪಾ, ಇರ್ಲಿ," ಅಂದಳು ಸಂಕಿ.

"ಅಲ್ಲಾಡಬೇಡ," ಅಂದ ಅವನು. ಬಿಚ್ಚಿ ಮತ್ತೆ ಮೊದಲಿಂದ ಶುರು ಮಾಡಿದ.