ಹಲ್ಲು ಕಡಿಯುವ ಸಮಾಧಾನ

"ನನ್ನನ್ನು ನಿಲ್ಲಿಸಿದ ಜಾಗದಲ್ಲೇ ಒಂದು ದಿನ ಅವನನ್ನೂ ಹೀಗೇ ಒಂಟಿಯಾಗಿ ನಿಲ್ಲಿಸ್ತೀನಿ. ಇದು ನಿನಗೆ ಕೊಟ್ಟ ಮಾತು."

ಹಾಗಂತ ಅವಳು ಮಾತು ಕೊಟ್ಟದ್ದು ದೇವರಿಗೆ. ವರ್ಷಗಳ ಹಿಂದೆ, ಚರ್ಚಿನ ಪೀಠದ ಮುಂದೆ, ಮದುವೆಯ ಬಿಳಿ ಉಡುಪಿನಲ್ಲಿ. ಮದುವೆ ಗಂಡು ಬಂದಿರಲಿಲ್ಲ. ಅವನ ಬದಲು ಒಂದು ಸುದ್ದಿ ಬಂದಿತ್ತು: ದೇವರು ಅವನನ್ನು ಸೇವೆಗೆ ಕರೆದಿದ್ದಾನಂತೆ, ಸಂಸಾರ ಬೇಡವಂತೆ.

ದೇವರೇ ಕರೆದ ಅಂದಮೇಲೆ ದೂರುವುದು ಯಾರನ್ನು? "ದೊಡ್ಡ ಕರೆ ಮಗಳೇ, ನೀನು ಅಡ್ಡ ಬರಬಾರದು" ಎಂದು ಸಭೆಯವರು ಅವಳಿಗೇ ಬುದ್ಧಿ ಹೇಳಿ, ಊಟ ಮಾಡಿಕೊಂಡು ಹೋದರು.

ಅವಳು ಅಳಲಿಲ್ಲ. ಕೆಲಸ ಕಲಿತಳು. ಲ್ಯಾಬೊಂದರಲ್ಲಿ ಕೂತು ಬೊಚ್ಚುಬಾಯಿಯವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಿದ್ದಳು. ಊರಿನ ಅರ್ಧ ಮುದುಕರ ನಗು ಅವಳ ಕೈಯದ್ದು. ಅವಳ ಸ್ವಂತ ನಗು ಮಾತ್ರ ಅಂದಿನಿಂದ ಯಾರಿಗೂ ಕಂಡಿರಲಿಲ್ಲ.

ಒಂದು ಮಧ್ಯಾಹ್ನ, ಯಾರದೋ ಅಜ್ಜನ ಹಲ್ಲು ಕೈಯಲ್ಲಿ ಹಿಡಿದು ಇಳಿಯುತ್ತಿದ್ದಾಗ, ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ದೀಪವೂ ಹೋಯಿತು.

"ಕರ್ತನೇ... ಒಂದು ಮಾತಾದರೂ ಆಡು" ಎಂದಳು ಕತ್ತಲಲ್ಲಿ.

"ಹೆದರಬೇಡಿ. ನಾನಿದ್ದೀನಿ" ಎಂದಿತು ಮೇಲಿನಿಂದ ಒಂದು ಸ್ವರ.

ಅವಳ ಮೈ ಜುಮ್ಮೆಂದಿತು. ಮರುಕ್ಷಣವೇ ಉರಿಯತೊಡಗಿತು. ದೇವರ ಸ್ವರವನ್ನು ಅವಳು ಎಂದೂ ಕೇಳಿರಲಿಲ್ಲ. ಈ ಸ್ವರವನ್ನು ಮಾತ್ರ ಎಲ್ಲಿದ್ದರೂ ಗುರುತಿಸಬಲ್ಲಳು.

ಬಾಗಿಲು ಸರಿಯಿತು. ಮೇಲೆ ಮೊಣಕಾಲೂರಿ ಕೂತಿದ್ದ, ಗ್ರೀಸ್ ಮೆತ್ತಿದ ಮುಖದ ಮೆಕ್ಯಾನಿಕ್... ಅವನೇ.

"ನೀನಾ..." ಅವನು ಕೈ ಚಾಚಿದ. "ಬಾ, ಕೈ ಕೊಡ್ತೀನಿ."

"ಕೈ ಕೊಡೋದರಲ್ಲಿ ನೀವು ಪಳಗಿದವರು, ಗೊತ್ತು ಬಿಡಿ" ಎಂದು ತಾನೇ ಹತ್ತಿ ಬಂದಳು. "ದೇವರು ಮೇಲಕ್ಕೆ ಕರೆದ ಅಂದಿದ್ರಿ. ಇಷ್ಟೇ ಮೇಲಕ್ಕಾ?"

ಅವನು ತಲೆತಗ್ಗಿಸಿದ. ಅವಳು ಮೆಟ್ಟಿಲಿಳಿಯುವಾಗ ಹಿಂದೆಯೇ ಬಂದ.

"ಸೇವೆಗೆ ಅಂತ ಸೇರಿದ ಕಡೆ ಹಿರಿಯರೊಬ್ಬರು ಕೇಳಿದ್ರು, ಕರೆ ಕೇಳಿ ಬಂದೆಯಾ, ಓಡಿ ಬಂದೆಯಾ ಅಂತ. ಅಲ್ಲಿಂದ ಬಿಟ್ಟು ಬಂದು ಈ ಕೆಲಸ ಹಿಡಿದೆ. ನಮ್ಮಪ್ಪ ಅಮ್ಮನ್ನ ಹೇಗೆ ನಡೆಸ್ಕೊಂಡ ಅಂತ ನಿನಗೆ ಗೊತ್ತಲ್ಲ... ನಾನೂ ಹಾಗೇ ಆಗಿಬಿಟ್ರೆ ಅಂತ ಭಯ ಆಯ್ತು. ದೇವರು ಏನೂ ಹೇಳಿರಲಿಲ್ಲ. ನನ್ನ ಭಯಕ್ಕೆ ದೇವರ ಹೆಸರಿಟ್ಟೆ."

'ಹಾಗಾದರೆ ದೇವರಲ್ಲ... ನೀನೇ!' ಅವಳ ಎದೆಯಲ್ಲಿ ಏನೋ ಭಗ್ಗೆಂದಿತು. ಇಷ್ಟು ವರ್ಷ ದೇವರಿಗೂ ಇವನಿಗೂ ಹಂಚಿಹೋಗಿದ್ದ ಸಿಟ್ಟು ಈಗ ಪೂರ್ತಿ ಇವನೊಬ್ಬನ ಪಾಲಾಯಿತು. ಪ್ರಾರ್ಥನೆ ಮಾಡಿದ ಗಳಿಗೆಯಲ್ಲೇ ಇವನು ಎದುರಾಗಿದ್ದಾನೆ. ದೇವರೇ ತಂದು ಕೈಗೊಪ್ಪಿಸಿದ್ದಾನೆ. ಇದಕ್ಕಿಂತ ಗುರುತು ಬೇಕೆ?

ಅವಳು ತಿರುಗಿ ನಿಂತು ಚೆಂದವಾಗಿ ನಕ್ಕಳು.

"ಹೋಗಲಿ ಬಿಡಿ. ಕಾಫಿ ಕುಡೀತೀರಾ?"

ಕಾಫಿ ಮುಂದುವರಿಯಿತು. ವಾರ ವಾರ ಅವನು ಚರ್ಚಿಗೆ ಬಂದು ಕಡೆಯ ಬೆಂಚಿನಲ್ಲಿ ಕೂತ. ಮಳೆಗಾಲ ಮುಗಿಯುವ ಹೊತ್ತಿಗೆ, ಹೆದರಿಕೊಂಡೇ, ಮದುವೆಯ ಮಾತೆತ್ತಿದ.

"ಒಪ್ಪಿದ್ದೀನಿ. ಅದೇ ಚರ್ಚಲ್ಲಿ ಆಗಬೇಕು. ನಿಮ್ಮ ಕಡೆಯವರು ಒಬ್ಬರೂ ತಪ್ಪಬಾರದು" ಎಂದಳು.

ಸಭೆಯಲ್ಲಿ ಪಾದ್ರಿ ಅಯ್ಯನವರು ಮದುವೆಯ ಪ್ರಕಟಣೆ ಓದಿ, ಅಡ್ಡಿಯಿದ್ದವರು ಹೇಳಬಹುದು ಎಂದಾಗ ಯಾರೂ ಏಳಲಿಲ್ಲ. ಅಡ್ಡಿ ಮೊದಲ ಸಾಲಿನಲ್ಲೇ ಕೂತು ಸಣ್ಣಗೆ ನಗುತ್ತಿತ್ತು. ಮದುವೆಯ ದಿನ ಪೀಠದ ಮುಂದೆ "ಇವನನ್ನು ಸ್ವೀಕರಿಸುತ್ತೀಯಾ" ಎಂದು ಕೇಳುತ್ತಾರೆ. ತಾನು "ಇಲ್ಲ" ಎನ್ನುತ್ತಾಳೆ. ಅಷ್ಟೇ. ಆಮೇಲೆ ಬಾಗಿಲವರೆಗೂ ನಿಧಾನವಾಗಿ ನಡೆಯುತ್ತಾಳೆ. ಉಡುಪಿನ ಅಂಚು ಎಡವದಂತೆ ಎಲ್ಲಿ ಹಿಡಿಯಬೇಕು ಎಂಬುದನ್ನೂ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಅವನ ಮುಖ ಹೇಗಾಗಬಹುದು... ನೆನೆದರೇ ನಾಲಿಗೆ ಸಿಹಿಯಾಗುತ್ತಿತ್ತು.

ಅವಳನ್ನು ಸಾಕಿದ ದೊಡ್ಡಮ್ಮನಿಗೆ ಮಾತ್ರ ವಾಸನೆ ಹತ್ತಿತು.

"ನಿಜ ಹೇಳು. ಅವನಿಗೆ ಏನೋ ಮಾಡೋಕೆ ಹೊರಟಿದ್ದೀಯ."

"ನಾನಲ್ಲ ದೊಡ್ಡಮ್ಮ. ದೇವರು ಮಾಡಿಸ್ತಿದ್ದಾನೆ."

"ಅವನೂ ಅಂದು ಹೀಗೇ ಅಂದಿದ್ದ." ದೊಡ್ಡಮ್ಮ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ದೇವರೇ ಅಂತ ಹೇಗೆ ಗೊತ್ತಾಯ್ತು ನಿನಗೆ?"

"ಮನಸ್ಸಿಗೆ ಸಮಾಧಾನ ಇದೆ. ಇಷ್ಟು ವರ್ಷದಲ್ಲಿ ಮೊದಲನೇ ಸಲ."

"ಸಮಾಧಾನ ಇದ್ದೋಳು ನಿದ್ದೇಲಿ ಹಲ್ಲು ಕಡೀತಾಳೇನೆ? ಗೋಡೆಯಾಚೆ ನನಗೆ ಕೇಳುತ್ತೆ, ಇಲಿ ಬಾಗಿಲು ಕೊರೆದ ಹಾಗೆ. ಕಟ್ಟಿಸಿದ ಹಲ್ಲನ್ನ ರಾತ್ರಿ ನೀರಿಗೆ ಹಾಕಿ ಮಲಗೋ ನಾನೇ ವಾಸಿ."

"ನಾನು ಹಲ್ಲು ಕಡಿಯಲ್ಲ" ಎಂದಳು ಸಿಡುಕಿ.

ಮಾರನೇ ದಿನ ಲ್ಯಾಬಿನಲ್ಲಿ, ದೊಡ್ಡಮ್ಮನ ಮಾತು ಸುಳ್ಳು ಮಾಡಲೆಂದೇ, ಅವಳು ತನ್ನ ಬಾಯಿಯದೇ ಅಚ್ಚು ತೆಗೆದಳು. ಅದರಲ್ಲಿ ಹುಯ್ದ ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಕಾದು ಕಿಟಕಿಯ ಬೆಳಕಿಗೆ ಹಿಡಿದಳು.

ದವಡೆ ಹಲ್ಲುಗಳಿಗೆ ತುದಿಯೇ ಇರಲಿಲ್ಲ. ಸವೆದು ಚಪ್ಪಟೆಯಾಗಿದ್ದವು. ಇಂಥ ಬಾಯಿ ಬೇರೆಯವರದ್ದಾಗಿದ್ದರೆ, 'ಪಾಪ, ಯಾವುದೋ ಸಂಕಟ ಅಗಿಯುತ್ತಿದೆ ಜೀವ' ಎನ್ನುತ್ತಿದ್ದಳು.

'ಇದು ನೀನು ಕೊಟ್ಟ ಸಮಾಧಾನ ಅಲ್ಲ... ಅಲ್ವಾ?'

ಇಷ್ಟು ದಿನ ಕೇಳಿದ ಕೂಡಲೇ ತನಗೆ ಬೇಕಾದ ಉತ್ತರವನ್ನೇ ಕೊಡುತ್ತಿದ್ದ ಮನಸ್ಸಿನೊಳಗಿನ ಸ್ವರ ಬಾಯಿ ಮುಚ್ಚಿಕೊಂಡಿತ್ತು. ಆ ಮೌನದಲ್ಲಿ ಕೂತಾಗ ಅವಳಿಗೆ ನಾಚಿಕೆಯಾಯಿತು. ಸಿಟ್ಟು ಮಾತ್ರ ಹೋಗಲಿಲ್ಲ.

ಮದುವೆಯ ಹಿಂದಿನ ದಿನ ಅವನು ಚರ್ಚಿನಲ್ಲಿ ಬೆಂಚು ಸಾಲು ಮಾಡುತ್ತಿದ್ದ. ಒಬ್ಬನೇ ಇದ್ದ.

"ಅಲ್ಲಿ ನಿಂತ್ಕೊಳ್ಳಿ. ಪೀಠದ ಮುಂದೆ" ಎಂದಳು.

ಅವನು ಏಕೆಂದು ಕೇಳದೆ ಹೋಗಿ ನಿಂತ. ಅವಳು ಮೊದಲ ಬೆಂಚಿನಲ್ಲಿ ಕೂತಳು.

"ನಾಳೆ ನಾನು 'ಇಲ್ಲ' ಅನ್ನೋಳಿದ್ದೆ. ಎಲ್ಲರ ಮುಂದೆ."

"ಗೊತ್ತಿತ್ತು."

"ದೊಡ್ಡಮ್ಮ ಹೇಳಿದ್ರಾ?"

"ಇಲ್ಲ. ನೀನು ನಿಜವಾಗಿ ನಕ್ಕಾಗ ಬಾಯಿಗೆ ಕೈ ಅಡ್ಡ ಇಟ್ಕೋತೀಯ. ಈ ಸಲ ಒಂದ್ಸಲಾನೂ ಇಟ್ಕೊಂಡಿಲ್ಲ."

"ಗೊತ್ತಿದ್ದೂ ಯಾಕೆ ಬರೋಕೆ ಹೊರಟಿದ್ರಿ?"

"ನಿಲ್ಲೋಕೆ. ನೀನು ಒಬ್ಬಳೇ ನಿಂತಿದ್ದೆಯಲ್ಲ. ನಾನೂ ಒಂದ್ಸಲ ನಿಲ್ಲಬೇಕಿತ್ತು. ಓಡಬಾರದು ಅಂತ ಮಾತ್ರ ಪ್ರಾರ್ಥನೆ ಮಾಡ್ಕೋತಿದ್ದೆ."

ಅವಳು ಅವನನ್ನೇ ನೋಡಿದಳು. ಅವನ ಮುಖ ಇಳಿದಿತ್ತು, ಕುತ್ತಿಗೆ ಬಾಗಿತ್ತು. ಎಷ್ಟೋ ವರ್ಷದಿಂದ ಕನಸಿನಲ್ಲಿ ಚಪ್ಪರಿಸಿದ್ದ ನೋಟ ಅದೇ. ಈಗ ಕಣ್ಣೆದುರೇ ಇದೆ... ಬಾಯಲ್ಲಿ ಮಾತ್ರ ಬರೀ ಪ್ಲಾಸ್ಟರಿನ ರುಚಿ.

ಎದ್ದು ಹೋಗಿ ಅವನ ಪಕ್ಕದಲ್ಲಿ ನಿಂತಳು.

"ನಾನೂ ನನ್ನ ಸೇಡಿಗೆ ದೇವರ ಹೆಸರಿಟ್ಟಿದ್ದೆ" ಎಂದಳು. "ನಿನ್ನ ಮೇಲೆ ಇನ್ನೂ ಸಿಟ್ಟಿದೆ ಕಣೋ. ಕ್ಷಮಿಸಿಬಿಟ್ಟೆ ಅಂತ ಸುಳ್ಳು ಹೇಳಲ್ಲ. ದಿನಾ ಸ್ವಲ್ಪ ಸ್ವಲ್ಪ ಕ್ಷಮಿಸ್ತೀನಿ. ಕೆಲವು ದಿನ ರಜಾ."

"ರಜಾದಿನ ನಾನು ಎಲ್ಲಿರಲಿ?"

"ಮನೇಲೇ ಇರು. ಬೈಯೋಕೆ ಯಾರಾದರೂ ಬೇಕಲ್ಲ."

ಅವನಿಗೆ ನಗು ಬಂತು, ಕಣ್ಣೂ ತುಂಬಿತು. 'ನೀವು' ಎಂಬುದು 'ನೀನು' ಆದದ್ದನ್ನು ಅವನು ಗಮನಿಸಿದ್ದ. ಹೇಳಲಿಲ್ಲ. ಹೇಳಿದರೆ ವಾಪಸು ತೆಗೆದುಕೊಂಡಾಳು ಎಂದು ಹೆದರಿದ.

ಮರುದಿನ ತುಂಬಿದ ಸಭೆಯಲ್ಲಿ ಅಯ್ಯನವರು ಕೇಳಿದರು. ಅವಳು "ಹೌದು" ಎಂದಳು.

ದೇವರಿಗೆ ಕೊಟ್ಟಿದ್ದ ಮಾತನ್ನು ಅವಳು ಮುರಿದಳು.