ಬುಧವಾರದ ಬನ್ಸ್

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಳ್ಳತನದ ದೂರು ಬಂತು. ಹತ್ತೂವರೆಗೆ ಸಬ್‌ಇನ್‌ಸ್ಪೆಕ್ಟರ್ ಪ್ರಣೀತಾ ಶೆಟ್ಟಿ ಪುಣೆಯ ಕೋಥರೂಡಿನ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿದ್ದಳು. ಬೀಗ ಮುರಿದಿರಲಿಲ್ಲ. ಕಪಾಟು ಒಡೆದಿರಲಿಲ್ಲ. ಆರು ಕಂಪ್ಯೂಟರು, ಗುಂಯ್‌ಗುಡುವ ಒಂದು ಏಸಿ, ಮೂಲೆಯಲ್ಲಿ ದುಪಟ್ಟಾ ಹಿಂಡುತ್ತ ನಿಂತ ಒಬ್ಬಳು ಹುಡುಗಿ. ಕಳುವಾದದ್ದು ಏನು ಎಂದು ಕೇಳಿದರೆ ಆ ಕನ್ನಡಿಗರ ಕಂಪನಿಯ ಮಾಲೀಕ ಚೇತನ ಪರದೆಯ ಕಡೆ ಬೆರಳು ಮಾಡಿದ.

"ನಾಲ್ಕು ಸಾವಿರ ಸಾಲು ಕೋಡ್, ಮೇಡಂ. ನಮ್ಮ ಸುದೀಪ್ ಬರೆದಿದ್ದು. ಈ ಭಾಗ್ಯಾ ಕಾಪಿ ಮಾಡಿ ತನ್ನ ಹೆಸರು ಹಾಕ್ಕೊಂಡಿದ್ದಾಳೆ. ಟೆಸ್ಟಿಂಗ್‌ಗೆ ಅಂತ ತಗೊಂಡಿದ್ದ ಹುಡುಗಿ, ನೋಡಿ!"

ಹೇಳುತ್ತಲೇ ಕೈ ಕುಲುಕಿದ. ಅಂಗೈ ತಣ್ಣಗಿತ್ತು, ಒದ್ದೆಯಾಗಿತ್ತು. ಪ್ರಣೀತಾ ತನ್ನ ಕೈಯನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡಳು.

ಅವರು ಕಟ್ಟುತ್ತಿದ್ದದ್ದು ಹೊಸ ಬ್ರೌಸರಿನ ಎಂಜಿನ್. ಇಂಟರ್‌ನೆಟ್ಟಿನ ಪುಟವನ್ನು ಪರದೆಯ ಮೇಲೆ ಮೂಡಿಸುವ ಯಂತ್ರವೆನ್ನಿ. ಇನ್ನೂ ಪ್ರಯೋಗದ ಹಂತದಲ್ಲಿತ್ತು. ಅದರಲ್ಲಿ ಸ್ಟೈಲ್‌ಶೀಟ್ ಭಾಗ ಮಾತ್ರ ಎಷ್ಟು ಸೊಗಸಾಗಿ ಕೂತಿತ್ತೆಂದರೆ, ಆಮ್‌ಸ್ಟರ್‌ಡ್ಯಾಮಿನ ಒಂದು ಸಂಸ್ಥೆ ಅದನ್ನು ಬರೆದವರನ್ನೇ ಸಭೆಗೆ ಕರೆದಿತ್ತು.

"ಸುದೀಪ್ ಮುಗಿಸಿದ್ದು ಜನವರಿ ಹತ್ತಕ್ಕೆ. ಸರ್ವರ್‌ನಲ್ಲಿ ಡೇಟ್ ಇದೆ. ಇವಳ ಕಂಪ್ಯೂಟರ್‌ನಲ್ಲಿರೋದು ಏಪ್ರಿಲ್‌ದು. ಎರಡೂ ಡಿಟ್ಟೋ."

"ಜನವರಿ ಹತ್ತರ ಮೇಲೆ ಸುದೀಪ್ ಅವರ ಫೈಲುಗಳನ್ನು ಯಾರಾದ್ರೂ ಮುಟ್ಟಿದ್ದುಂಟಾ?"

"ಒಂದಕ್ಷರ ಚೇಂಜ್ ಆಗಿಲ್ಲ. ಬೇಕಾದ್ರೆ ಬರೆದುಕೊಡ್ತೀನಿ."

"ಬರೆದುಕೊಡಿ."

ಚೇತನ ಉತ್ಸಾಹದಿಂದ ಬರೆದು ಸಹಿ ಹಾಕಿದ. ಪಕ್ಕದಲ್ಲಿ ಕೂತಿದ್ದ ಸುದೀಪ ಕೀಬೋರ್ಡಿನಿಂದ ತಲೆ ಎತ್ತಲಿಲ್ಲ.

*

"ಶನಿವಾರ ಆಫೀಸಿಗೆ ಬಂದಿದ್ದೆಯಾ?" ಪ್ರಣೀತಾ ಭಾಗ್ಯಾಳನ್ನು ಪಕ್ಕದ ಕೋಣೆಯಲ್ಲಿ ಕೂರಿಸಿಕೊಂಡು ಕೇಳಿದಳು.

"ಇಲ್ರಿ ಮೇಡಂ. ಶನಿವಾರ ರಜಾ."

ಬಾಗಿಲಿನ ಯಂತ್ರ ಬೇರೆ ಮಾತು ಹೇಳುತ್ತಿತ್ತು. ಶನಿವಾರ ಸಂಜೆ ನಾಲ್ಕೂ ಹತ್ತಕ್ಕೆ ಭಾಗ್ಯಾಳ ಕಾರ್ಡು ಒಳಬಂದು ಅರ್ಧ ಗಂಟೆ ಇದ್ದು ಹೋಗಿತ್ತು. ಪ್ರಣೀತಾ ಆ ಹಾಳೆಯನ್ನು ಮುಂದೆ ಸರಿಸಿದಳು. ಹುಡುಗಿಯ ಮುಖ ಬಿಳಿಚಿಕೊಂಡಿತು. ಸರಿ, ಇಲ್ಲಿಗೆ ಮುಗಿಯಿತು ಎಂದು ಪ್ರಣೀತಾ ಅಂದುಕೊಂಡಳು. ಸುಳ್ಳು ಹೇಳುವವರನ್ನು ಕಂಡರೆ ಅವಳಿಗೆ ಮೊದಲೇ ಮೈ ಉರಿಯುತ್ತಿತ್ತು.

"ನಮ್ಮವ್ವನ್ನ ಕರ್ಕೊಂಡು ಬಂದಿದ್ದೆರಿ," ಭಾಗ್ಯಾ ಅತ್ತೇಬಿಟ್ಟಳು. "ಇಲ್ಲೇ ಕೊಂಢವಾ ಏರಿಯಾದಾಗ ಕಟ್ಟಡದ ಕೆಲಸಕ್ಕ ಹೋಗ್ತಾಳ್ರಿ. ಅಷ್ಟು ದೊಡ್ಡ ಕೆಲಸ ಮಾಡೀನಿ ಅಂತಿ, ನಿನ್ನ ಹೆಸರು ಎಲ್ಲಿ ಬರ್ದಾರ ತೋರ್ಸು ಅಂತ ಭಾಳ ದಿನದಿಂದ ಗಂಟು ಬಿದ್ದಿದ್ಳು. ಪರದೆ ಮ್ಯಾಲ ನನ್ನ ಹೆಸರು ತೋರ್ಸಿದೆ. ಓದಾಕ ಬರಂಗಿಲ್ಲ, ಬೆರಳು ಇಟ್ಟು ನೋಡಿದ್ಳು. ಹೊರಗಿನವ್ರನ್ನ ಒಳಗ ಕರ್ಕೊಂಡು ಬರಬಾರ್ದು ಅಂತ ಇಲ್ಲಿ ನಿಯಮ ಅದರಿ. ಅದಕ್ಕ ಮುಚ್ಚಿಟ್ಟೆ."

"ಈಗ ಆ ಹೆಸರು?"

"ಇವತ್ತು ಬಂದು ನೋಡ್ತೀನಿ, ಇಲ್ರಿ. ಅದೇ ಜಾಗದಾಗ ಸುದೀಪ ಸರ್ ಹೆಸರು."

ಪ್ರಣೀತಾ ಕುರ್ಚಿ ಹತ್ತಿರ ಎಳೆದುಕೊಂಡಳು. "ನೀನು ಬರೆದದ್ದಾದರೆ ಅದು ಎಂತದು ಅಂತ ನನಗೆ ಅರ್ಥವಾಗುವ ಹಾಗೆ ಹೇಳು, ನೋಡುವ."

ಭಾಗ್ಯಾ ಮೂಗು ಒರೆಸಿಕೊಂಡಳು. ಮಾತು ಶುರುವಾಗುತ್ತಿದ್ದ ಹಾಗೆ ಅಳು ಎಲ್ಲಿ ಹೋಯಿತೋ.

"ಪೇಜಿನ ಬಣ್ಣ, ಅಕ್ಷರದ ಅಳತಿ ಎಲ್ಲಾ ಸ್ಟೈಲ್‌ಶೀಟ್‌ನಾಗ ಇರ್ತಾವ್ರಿ. ಕೆಳಗ ಸುಂದರಣ್ಣನ ಹೋಟೆಲ್ ಬೋರ್ಡ್ ಅದಲ್ರಿ, ಹಂಗ. ಒಂದರ ಕೆಳಗೊಂದು ಸಾಲು. ಪೇಜು ತೆರೆದಿದ್ದಾಗನ ನಡುವ ಒಂದು ಸಾಲು ಸೇರ್ಸಬೇಕು, ಒಂದು ತಗೀಬೇಕು. ಸೇರ್ಸಿದ್ರ ಕೆಳಗಿನವೆಲ್ಲಾ ಒಂದೊಂದು ಜಾಗ ಸರೀತಾವ. ಎಣಿಕಿ ತಪ್ಪಿದ್ರ ಬ್ಯಾರೇ ಸಾಲೇ ಅಳಿಸಿ ಹೋಗ್ತದ. ಹಂಗ ಆಗದಂಗ ಸೇರ್ಸೂದು, ತಗಿಯೂದು, ಓದೂದು, ಅಷ್ಟೂ ನಾ ಬರ್ದದ್ದರಿ. ಪರೀಕ್ಷಾ ಮಾಡಾಕ ಸುಂದರಣ್ಣನ ಆ ವಾರದ ಬೋರ್ಡನ್ನೇ ಪೇಜು ಮಾಡ್ಕೋತೇವ್ರಿ. ಇಲ್ಲಿ ಎಲ್ಲಾರದೂ ಅದೇ ರೂಢಿ."

"ಸುದೀಪನ ಜನವರಿ ಫೈಲುಗಳಲ್ಲೂ ಆ ಪೇಜ್ ಉಂಟಾ?"

ಇತ್ತು. ಭಾಗ್ಯಾ ತೆರೆದು ತೋರಿಸಿದಳು. ಸೋಮವಾರ ಶಾವಿಗೆ, ಮಂಗಳವಾರ ಗೋಳಿಬಜೆ, ಬುಧವಾರ ಬನ್ಸ್. ಪ್ರಣೀತಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಳು.

"ಈ ತಾರೀಕನ್ನು ಸುಳ್ಳಾಗಿ ಹಾಕಬಹುದಾ?"

"ಕಂಪ್ಯೂಟರ್ ಗಡಿಯಾರ ಹಿಂದಕ್ಕ ತಿರುವಿ ಸೇರ್ಸಿದ್ರ ಹಳೇ ತಾರೀಖೇ ಬೀಳ್ತದರಿ. ಆದ್ರ ಸರ್ವರ್‌ನಾಗ ಇನ್ನೊಬ್ರ ಹೆಸರು ತಗಿಯೂ ಅಧಿಕಾರ ಇಬ್ಬರಿಗೇ ಅದ. ಚೇತನ ಸರ್, ಸುದೀಪ ಸರ್."

*

ಸುಂದರನ ಹೋಟೆಲಿನಲ್ಲಿ ಚಹಾ ಬಿಸಿಯಾಗಿತ್ತು. ಕುಂದಾಪುರದ ಕಡೆಯ ಮನುಷ್ಯ, ಪುಣೆಗೆ ಬಂದು ಮೂವತ್ತು ವರ್ಷ. ಪ್ರಣೀತಾಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದವನೇ ಮರಾಠಿ ಬಿಟ್ಟು ಕನ್ನಡಕ್ಕೆ ಇಳಿದ.

"ಇವತ್ತು ಬನ್ಸ್ ಉಂಟಾ?"

"ಬುಧವಾರ ಬನ್ನಿ ಮೇಡಂ. ನಮ್ಮ ಅಪ್ಪಿ ಭಟ್ರ ಕೈಗುಣ ನೋಡ್ಬೇಕು ನೀವು! ಶಿವರಾತ್ರಿ ಕಳೆದ ಮೇಲೆ ಅವರು ಊರಿಂದ ಬಂದದ್ದು. ಆಮೇಲೆಯೇ ಬನ್ಸ್ ಶುರು ಮಾಡಿದ್ದು."

ಪ್ರಣೀತಾಳ ಲೋಟ ತುಟಿಯ ಹತ್ತಿರವೇ ನಿಂತಿತು. "ಅದಕ್ಕಿಂತ ಮೊದಲು ಬುಧವಾರ ಎಂತ ಇತ್ತು?"

"ಶೀರಾ. ದಿನಾ ಬೆಳಿಗ್ಗೆ ಬೋರ್ಡಿನ ಫೋಟೋ ಮೇಲಿನವರ ವಾಟ್ಸಾಪ್ ಗುಂಪಿಗೆ ಹಾಕ್ತೇನಲ್ಲ, ನೋಡಿ ಬೇಕಾದ್ರೆ." ಅವನು ಜನವರಿಯವರೆಗೆ ಹಿಂದೆ ಹೋಗಿ ತೋರಿಸಿದ. ಎಲ್ಲ ಬುಧವಾರವೂ ಶೀರಾ.

"ಮೇಲಿನವರು ಎಲ್ಲರೂ ಇಲ್ಲಿಗೇ ಬರ್ತಾರಾ?"

"ಬರ್ತಾರೆ. ಆ ಸುದೀಪನಿಗೆ ಬುಧವಾರ ಎರಡು ಪ್ಲೇಟ್ ತೆಗೆದಿಡದಿದ್ರೆ ಜಗಳ ಮಾರಾಯ್ರೆ! ಶುರುವಾದ ದಿನ ಮೊದಲು ತಿಂದವನೇ ಅವ. ಮಾಲೀಕರು ಮಾತ್ರ ಒಂದು ದಿನವೂ ನಮ್ಮ ಮೆಟ್ಟಿಲು ಹತ್ತಲಿಲ್ಲ. ಗುಂಪಿನಲ್ಲೂ ಇಲ್ಲ. ನಮ್ಮ ಎಣ್ಣೆ ಅವರಿಗೆ ಆಗುವುದಿಲ್ಲವಂತೆ."

*

ಮಧ್ಯಾಹ್ನ ಎರಡಕ್ಕೆ ಪ್ರಣೀತಾ ಮೂವರನ್ನೂ ಒಂದೇ ಮೇಜಿಗೆ ಕೂರಿಸಿದಳು. ಬನ್ಸಿನ ಫೋಟೋ ಒಂದು ಕಡೆ, ಶೀರಾದ ಫೋಟೋ ಇನ್ನೊಂದು ಕಡೆ ಇಟ್ಟಳು.

"ಜನವರಿ ಹತ್ತಕ್ಕೆ ಬರೆದ ಫೈಲಿನಲ್ಲಿ ಬನ್ಸ್ ಉಂಟು. ಬನ್ಸ್ ಶುರುವಾದದ್ದು ಶಿವರಾತ್ರಿ ಆದ ಮೇಲೆ. ಒಂದಕ್ಷರ ಬದಲಾಗಿಲ್ಲ ಅಂತ ನೀವೇ ಸಹಿ ಹಾಕಿದ್ದೀರಿ, ಚೇತನ್. ಹಾಗಾದ್ರೆ ತಾರೀಕು ಸುಳ್ಳು."

ಚೇತನ ಎರಡೂ ಫೋಟೋಗಳನ್ನು ನೋಡಿದ. ತಕ್ಷಣ ಸುದೀಪನ ಕಡೆ ತಿರುಗಿದ.

"ಏನೋ ಇದು ಸುದೀಪ್? ನಂಗೇ ಮೋಸ ಮಾಡಿದ್ಯಾ?"

ಎಂಥ ನಾಲಿಗೆ! ಪ್ರಣೀತಾ ಫೋಟೋಗಳನ್ನು ಚೇತನನ ಕಡೆಗೇ ಸರಿಸಿದಳು.

"ಸುದೀಪ ಮಾಡಿದ್ದರೆ ಮೊದಲು ಬನ್ಸ್ ತೆಗೆಯುತ್ತಿದ್ದ," ಅವಳು ಹೇಳಿದಳು. "ಬುಧವಾರಕ್ಕೆ ಎರಡು ಪ್ಲೇಟ್ ತೆಗೆದಿಡಿಸುವವನು ಅವನು. ಯಾವಾಗ ಶುರುವಾಯ್ತು ಅಂತ ಅವನಿಗೆ ಬಾಯಿಪಾಠ. ಆ ಬೋರ್ಡನ್ನು ಒಂದು ದಿನವೂ ನೋಡದವನು ಮಾತ್ರ ಈ ತಪ್ಪು ಮಾಡಬಲ್ಲ. ನಿಮ್ಮ ಹುಡುಗರು ಪರೀಕ್ಷೆಯ ಪುಟಕ್ಕೆ ಏನು ಬರೆಯುತ್ತಾರೆ ಅಂತಲೂ ನಿಮಗೆ ಗೊತ್ತಿಲ್ಲ. ಅಧಿಕಾರ ಇದ್ದದ್ದು ಇಬ್ಬರಿಗೆ. ಉಳಿದವರು ನೀವೊಬ್ಬರೇ."

ಸುದೀಪ ಆಗ ಮೊದಲ ಸಲ ಬಾಯಿಬಿಟ್ಟ. "ನಿನ್ನೆ ಅವ್ರೇ ಕೂತು ಮಾಡಿದ್ರು, ಮೇಡಂ. ನೀನು ಸುಮ್ನಿರು ಸಾಕು, ಆಮ್‌ಸ್ಟರ್‌ಡ್ಯಾಮ್‌ಗೆ ನೀನೇ ಹೋಗು ಅಂದ್ರು. ನಾನು... ಸುಮ್ನಿದ್ದೆ."

"ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ ಮೇಡಂ," ಚೇತನನ ದನಿಗೆ ಈಗ ಬೆಣ್ಣೆ ಸವರಿದಂತಿತ್ತು. "ಅಲ್ಲಿ ಸ್ಟೇಜ್ ಮೇಲೆ ಇವಳನ್ನ ನಿಲ್ಲಿಸೋಕಾಗುತ್ತಾ? ಇವಳ ಇಂಗ್ಲಿಷ್ ಕೇಳಿದ್ದೀರಾ? ಬೇರೆಯವ್ರ ಹೆಸರು ಹಾಕೋಣ ಅಂದ್ರೆ ಒಪ್ಪಲ್ಲ ಅಂತ ಹಟ ಮಾಡಿದ್ಳು. ಕಂಪ್ಲೇಂಟ್ ಕೊಟ್ರೆ ಹೆದರಿ ಕೆಲಸ ಬಿಟ್ಟು ಹೋಗ್ತಾಳೆ ಅಂದ್ಕೊಂಡೆ, ಅಷ್ಟೇ. ಸಾರಿ ಕೇಳ್ತೀನಿ. ಇಲ್ಲೇ ಮುಗಿಸಿಬಿಡಿ."

ಅಷ್ಟೇ ಅಂತೆ! ಕದ್ದದ್ದು ತಾನು, ಜೈಲಿಗೆ ಹೋಗಬೇಕಾದವಳು ಆ ಹುಡುಗಿ. ಒಬ್ಬ ಬಾಯಿ ತೆರೆದು ಕದ್ದ, ಇನ್ನೊಬ್ಬ ಬಾಯಿ ಮುಚ್ಚಿಕೊಂಡು ಕದ್ದ. ಹದಿನಾಲ್ಕು ವರ್ಷದ ನೌಕರಿಯಲ್ಲಿ ಸರಗಳ್ಳರು, ಜೇಬುಗಳ್ಳರು ಎಷ್ಟೋ ಜನ ಸಿಕ್ಕಿದ್ದರು. ಅವರ ಎದುರು ಕೂತು ಪ್ರಣೀತಾ ಊಟ ಮಾಡಿದ್ದಳು. ಇವರ ಎದುರು ನೀರು ಕುಡಿಯಲೂ ಅಸಹ್ಯವಾಯಿತು.

"ಥೂ! ಏಳಿ ಮೇಲೆ," ಅಂದಳು. "ಇಬ್ಬರೂ."

*

ಸಂಜೆ ಠಾಣೆಗೆ ಭಾಗ್ಯಾಳ ತಾಯಿ ಹುಲಿಗೆವ್ವ ಬಂದಳು. ಸೀರೆಯ ಅಂಚಿನಲ್ಲಿ ಸಿಮೆಂಟು ಒಣಗಿತ್ತು. ಮಗಳನ್ನು ಪೊಲೀಸರು ಹಿಡಿದಿದ್ದಾರೆಂದು ಯಾರೋ ಹೇಳಿ, ಅರ್ಧ ಕೆಲಸ ಬಿಟ್ಟು ಎರಡು ಬಸ್ಸು ಬದಲಿಸಿ ಓಡಿ ಬಂದಿದ್ದಳು. ಭಾಗ್ಯಾ ಅಲ್ಲಿ ಕೂತು ತಾನೇ ದೂರು ಬರೆಯುತ್ತಿದ್ದಳು.

"ಇದು ಏನ್ರಿ ಯವ್ವಾ, ಕಾಗದಾ?"

"ನಿಮ್ಮ ಮಗಳ ಕೆಲಸ ಕದ್ದವರ ಮೇಲೆ ದೂರು," ಪ್ರಣೀತಾ ಹೇಳಿದಳು. "ಹೆಸರು ವಾಪಸ್ ಹಾಕ್ತೇನೆ ಅಂತ ಆ ಸುದೀಪ ಬರೆದುಕೊಟ್ಟಿದ್ದಾನೆ. ಇನ್ನು ಸಭೆಗೂ ಇವಳೇ ಹೋಗುವುದು."

ಹುಲಿಗೆವ್ವನಿಗೆ ಸಭೆ ಬೇಕಾಗಿರಲಿಲ್ಲ. ಅವಳು ಹಾಳೆಯ ಮೇಲೆ ಬಗ್ಗಿದಳು. "ಇದರಾಗ ನಿನ್ನ ಹೆಸರು ಯಾವುದವ್ವಾ?"

ಭಾಗ್ಯಾ ತೋರಿಸಿದಳು. ತಾಯಿ ಅದರ ಮೇಲೆ ಬೆರಳಿಟ್ಟಳು. ಶನಿವಾರ ಪರದೆಯ ಮೇಲೂ ಹೀಗೆಯೇ ಇಟ್ಟಿದ್ದಳು. ಬೆರಳು ಎತ್ತದೆ ಪ್ರಣೀತಾಳ ಕಡೆ ನೋಡಿದಳು.

"ಮೊನ್ನೆ ತೋರ್ಸಿದ್ದನ್ನ ಎರಡು ದಿನದಾಗ ಅಳಿಸಿದ್ರಂತ. ಇದನ್ನೂ ಅಳಸ್ತಾರೇನ್ರಿ?"

ಪ್ರಣೀತಾ ಎದ್ದು ಹೋಗಿ ನಲ್ಲಿಯಲ್ಲಿ ಕೈ ತೊಳೆದುಕೊಂಡಳು. ಬೆಳಿಗ್ಗೆ ಚೇತನ ಕುಲುಕಿದ ಕೈ, ಸಾಬೂನು ಹಚ್ಚಿ ಎರಡು ಸಲ ತಿಕ್ಕಿದಳು. ವಾಪಸು ಬಂದು ಠಾಣೆಯ ಮೊಹರನ್ನು ಭಾಗ್ಯಾಳ ಹೆಸರಿನ ಪಕ್ಕದಲ್ಲೇ ಒತ್ತಿ, ಕೆಳಗೆ ತಾನೂ ಸಹಿ ಹಾಕಿದಳು.

"ಇಲ್ಲ ಅಮ್ಮ," ಅಂದಳು. "ಇದಕ್ಕೆ ನಾನು ಸಾಕ್ಷಿ ಇದ್ದೇನೆ."